ದಾಟಿ ಹೋದ ಬಾಗಿಲು

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದ ಕೂಡಲೇ ಪಲ್ಲಕ್ಕಿ, ಆನೆ, ಬೆಳ್ಳಿಯ ಪೀಠ ಅಂತೆಲ್ಲ ನೆನೆಸಿಕೊಳ್ಳಬೇಡಿ. ಯೇಸುಸ್ವಾಮಿಯ ಹೆಸರಿನಲ್ಲಿ ಬಡತನದ ವ್ರತ ಹಿಡಿದ ಕಥೋಲಿಕ ಸನ್ಯಾಸಿಗಳ ಮಠ ಅದು. ಹಂಚಿನ ಮಾಡು, ಒಂದು ಗಂಟೆ, ಹಿತ್ತಲಲ್ಲಿ ಒಂದು ನುಗ್ಗೆಮರ. ಆಸ್ತಿ ಅಷ್ಟೇ.

ಅಲ್ಲಿನ ಗುರು ಚೌರಪ್ಪ ಸ್ವಾಮಿಗಳು. ಸನ್ಯಾಸಿಗಳಾಗಬೇಕು ಅಂತ ಬರುವ ಹೊಸಬರನ್ನು ತಿದ್ದಿ ತೀಡುವುದು ಅವರ ಕೆಲಸ. ಮಾತು ಕಮ್ಮಿ. ಆಡಿದರೆ ಅರ್ಧ ತಮಾಷೆ, ಅರ್ಧ ಚಾಟಿ.

ಶಿಷ್ಯ ಇನ್ನಾಸ. ಆ ವರ್ಷ ಬಂದ ಹೊಸಬ ಅವನೊಬ್ಬನೇ. ಮೈಸೂರಿನಲ್ಲಿ ಚೀಟಿ ವ್ಯವಹಾರದ ಆಫೀಸಿನಲ್ಲಿ ಕೆಲಸಕ್ಕಿದ್ದು, ಅದು ಸಾಕೆನಿಸಿ ಇಲ್ಲಿಗೆ ಬಂದವನು. ಹುಡುಗ ಚುರುಕು. ಅಗತ್ಯಕ್ಕಿಂತ ಒಂದು ಪಾವು ಹೆಚ್ಚೇ ಚುರುಕು ಅಂತ ಇಟ್ಟುಕೊಳ್ಳಿ.

ಆ ಮಠದವರು ಕಂದು ನಿಲುವಂಗಿ ತೊಟ್ಟು, ನಡುವಿಗೆ ಬಿಳಿ ಹಗ್ಗ ಕಟ್ಟುತ್ತಾರೆ. ವ್ರತ ಹಿಡಿದ ದಿನ ಆ ಹಗ್ಗಕ್ಕೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ಗಂಟು ಬೀಳುತ್ತವೆ. ಇನ್ನಾಸನ ಹಗ್ಗದಲ್ಲಿ ಇನ್ನೂ ಗಂಟಿರಲಿಲ್ಲ. ಅವನಿಗೆ ಲೋಕದಲ್ಲಿ ಬೇಕಾಗಿದ್ದುದು ಆ ಗಂಟು ಒಂದೇ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಗುರು ಅವನನ್ನು ಕರೆದರು.

"ಇನ್ನಾಸ, ಕಡಲಾಚೆಯಿಂದ ಬರುತ್ತಿದ್ದ ನೆರವು ನಿಂತುಹೋಯ್ತು."

"ಯಾವ ನೆರವು ಸ್ವಾಮಿ?"

"ನಿನ್ನ ಅನ್ನ, ನಿನ್ನ ಪುಸ್ತಕ, ನಿನ್ನ ಪಾಠ. ಇಷ್ಟು ವರ್ಷ ಹೊಸಬರ ಖರ್ಚೆಲ್ಲ ಅಲ್ಲಿಂದಲೇ ಬರ್ತಿತ್ತು. ಅಲ್ಲಿನ ಜನಕ್ಕೂ ಈಗ ಕಷ್ಟವಂತೆ."

"ಹಾಗಾದರೆ ನನ್ನ ಗತಿ?"

"ಮಠದ ಹಬ್ಬಕ್ಕೆ ಬೆಂಗಳೂರಿನಿಂದ ನಮ್ಮ ಹಿರಿಯರು ಬರ್ತಾರೆ. ನಿನ್ನ ತರಬೇತಿಯ ಖರ್ಚು ಹೊರುವವರು ಸಿಕ್ಕಿದ್ದರೆ ನೀನು ಉಳೀತೀಯ. ಇಲ್ಲ ಅಂದರೆ ಹಗ್ಗ ಬಿಚ್ಚಿಟ್ಟು ಮನೆಗೆ ಹೋಗ್ಬೇಕು."

ಇನ್ನಾಸನ ಕೈ ತಾನಾಗಿ ನಡುವಿನ ಹಗ್ಗಕ್ಕೆ ಹೋಯಿತು.

ಗುರು ಅಟ್ಟ ಹತ್ತಿ ಒಂದು ಹಳೆಯ ಜೋಳಿಗೆ ಇಳಿಸಿದರು. ಕೊಡವಿದರು. ಧೂಳಿಗೆ ಇಬ್ಬರೂ ಕೆಮ್ಮಿದರು.

ಅಡುಗೆ ಮನೆಯಿಂದ ಬ್ರದರ್ ಸಹಾಯಪ್ಪ ಇಣುಕಿ ನೋಡಿದ. ಮಠದ ಅಡುಗೆಯವನು, ಬಾಯಿಗೆ ಬೀಗವಿಲ್ಲದವನು.

"ಹಳೇ ಗಂಡನ ಪಾದವೇ ಗತಿ ಅನ್ನಿ!" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಹಿಂದೆಲ್ಲ ಹೊಸಬರ ಹೊಟ್ಟೆ ತುಂಬುತ್ತಿದ್ದುದು ಆ ಜೋಳಿಗೆಯಿಂದಲೇ. ಹೊಳೆಸಾಲಿನ ಮನೆಮನೆಯಲ್ಲೂ ಒಲೆಯ ಪಕ್ಕ ಒಂದು ಪುಟ್ಟ ಕುಡಿಕೆ ಇರುತ್ತಿತ್ತು. ಅಡುಗೆಗೆ ಎಸರಿಡುವ ಮುಂಚೆ ಮನೆಯಾಕೆ ಒಂದು ಹಿಡಿ ಕಾಳು ಅದಕ್ಕೆ ಹಾಕುತ್ತಿದ್ದಳು. ರಾಗಿಯೋ, ಅಕ್ಕಿಯೋ, ಹುರುಳಿಯೋ. ಅದಕ್ಕೆ ಮಠದ ಕುಡಿಕೆ ಅಂತಲೇ ಹೆಸರು. ಸನ್ಯಾಸಿಗಳು ಬಂದು ಜೋಳಿಗೆ ಒಡ್ಡಿದಾಗ ಅದನ್ನು ಬಗ್ಗಿಸುತ್ತಿದ್ದರು.

ಕಡಲಾಚೆಯ ನೆರವು ಬಂತು. ಜೋಳಿಗೆ ಅಟ್ಟ ಸೇರಿತು. ಕುಡಿಕೆಗಳಿಗೆ ಉಪ್ಪಿನಕಾಯಿ ಬಿತ್ತು.

ಗುರು ಜೋಳಿಗೆಯನ್ನು ಇನ್ನಾಸನ ಹೆಗಲಿಗೆ ಹಾಕಿದರು.

"ಭಾನುವಾರದ ಪೂಜೆಯಲ್ಲಿ ಜನಕ್ಕೆ ಹೇಳ್ತೀನಿ, ಮಠದ ಜೋಳಿಗೆ ಮತ್ತೆ ಬರ್ತದೆ ಅಂತ. ಒಂದೆರಡು ವಾರ ಬಿಟ್ಟು ನೀನು ಹೊರಡು."

"ಏನು ಕೇಳಲಿ ಸ್ವಾಮಿ?"

"ಒಂದು ಹಿಡಿ."

"ಯಾರನ್ನ?"

"ಬಾಗಿಲಿದ್ದವರನ್ನ."

"ಎಲ್ಲರನ್ನೂ?"

"ಒಂದು ಬಾಗಿಲನ್ನೂ ದಾಟಬೇಡ," ಅಂದರು ಗುರು.

ಎರಡು ವಾರ ಕಳೆದ ಮೇಲೆ ಇನ್ನಾಸ ಹೊರಟ. ಮೊದಲು ಸಿಕ್ಕಿದ್ದು ಹೊಳೆಗೇರಿ. ಮೀನು ಹಿಡಿಯುವವರ ಸಾಲು ಮನೆಗಳು.

ಮೊದಲ ಬಾಗಿಲಲ್ಲಿ ಹೇಗೆ ಕೇಳುವುದೆಂದು ತಿಳಿಯದೆ ಜೋಳಿಗೆಯ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತ. ಬೇಡಿ ಗೊತ್ತಿದ್ದರೆ ತಾನೇ! ಒಳಗಿನ ಹೆಂಗಸೇ ಹೊರಬಂದು ನೋಡಿ, "ಓ, ಮಠದೋರಾ, ನಿಂತ್ಕಳಿ" ಅಂದು ರಾಗಿ ತಂದು ಹಾಕಿದಳು. ಮುಂದಿನ ಮನೆಯಲ್ಲಿ ನುಚ್ಚು. ಅದರ ಮುಂದೆ ಹುರುಳಿ.

ಬಿಸಿಲೇರಿತು. ಹೆಗಲು ನೋಯತೊಡಗಿತು. ಇನ್ನಾಸ ಜೋಳಿಗೆಯ ಬಾಯಿ ಬಿಚ್ಚಿ ಒಳಗೆ ನೋಡಿದ. ಇಷ್ಟು ಹೊತ್ತು ತಿರುಗಿದ್ದಕ್ಕೆ ಇದು ಒಂದು ಪುಸ್ತಕದ ಬೆಲೆಯೂ ಆಗದು ಅನಿಸಿತು.

ಅಷ್ಟರಲ್ಲಿ ಮೀನು ಮಾರುವ ಜಪಮಾಲಮ್ಮನ ಮನೆ ಬಂತು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳ ಗಂಡ ಕಾಲಿಗೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಮಲಗಿದ್ದ. ತೆಪ್ಪ ಕಟ್ಟುವಾಗ ಬಂಡೆಯ ಮೇಲೆ ಬಿದ್ದು ಕಾಲು ಮುರಿದುಕೊಂಡಿದ್ದ. ಜಪಮಾಲಮ್ಮ ಒಲೆಯ ಮುಂದೆ ಕೂತು ಪಾತ್ರೆಯ ತಳ ಕೆರೆಯುತ್ತಿದ್ದಳು. ಕರಕರ ಸದ್ದು ಬೀದಿಗೆ ಕೇಳುತ್ತಿತ್ತು.

ಛೆ, ಇವರ ಹತ್ತಿರ ಕೈಚಾಚುವುದೇ ಅನಿಸಿತು ಇನ್ನಾಸನಿಗೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಸದ್ದಾಗದ ಹಾಗೆ ತುದಿಗಾಲಲ್ಲಿ ಆ ಬಾಗಿಲನ್ನು ದಾಟಿದ. ಒಂದನ್ನು ದಾಟಿದ ಮೇಲೆ ಉಳಿದವನ್ನು ದಾಟುವುದು ಸುಲಭ. ಆ ಸಾಲು ಪೂರ್ತಿ ಬಿಟ್ಟು ನೇರವಾಗಿ ಜ್ಞಾನಪ್ರಕಾಶಪ್ಪನ ಅಕ್ಕಿ ಮಿಲ್ಲಿಗೆ ಹೋದ.

ಜ್ಞಾನಪ್ರಕಾಶಪ್ಪ ಹೊಳೆಸಾಲಿಗೇ ಅನುಕೂಲಸ್ಥ. ಒಳ್ಳೆಯ ಮನುಷ್ಯ ಕೂಡ. ಇನ್ನಾಸನನ್ನು ಕುರ್ಚಿಯಲ್ಲಿ ಕೂರಿಸಿ ಮಜ್ಜಿಗೆ ತರಿಸಿದ.

"ಬ್ರದರ್, ಮೊದಲು ಆ ಜೋಳಿಗೆ ಕೆಳಗಿಡಿ. ನೋಡೋಕೆ ಆಗ್ತಿಲ್ಲ ನಂಗೆ. ನಮ್ಮ ಸನ್ಯಾಸಿಗಳು ಬೀದಿಬೀದೀಲಿ ತಿರ್ಕೊಂಡು ತಿನ್ನೋದಾ? ನಾನಿನ್ನೂ ಬದುಕಿದ್ದೀನಲ್ಲ!"

"ಗುರುಗಳು ಕಳಿಸಿದ್ರು ಸರ್."

"ನಮ್ಮಪ್ಪ ನಿಮ್ಮ ಮಠದ ಗಂಜಿ ಕುಡಿದು ಬೆಳೆದೋರು. ಆ ಋಣ ನನ್ನ ತಲೆ ಮೇಲಿದೆ. ಕೇಳಿ, ನಿಮ್ಮ ತರಬೇತಿ ಮುಗಿಯೋವರೆಗೂ ಪೂರ್ತಿ ಖರ್ಚು ನಂದು. ನಿಮ್ಮ ಹಿಂದೆ ಬರೋ ಹೊಸಬರದ್ದೂ ನಂದೇ."

ಇನ್ನಾಸನಿಗೆ ಮಜ್ಜಿಗೆ ನೆತ್ತಿಗೇರಿತು.

"ಒಂದೇ ಮಾತು," ಅಂದ ಜ್ಞಾನಪ್ರಕಾಶಪ್ಪ. "ಜೋಳಿಗೆ ಅಟ್ಟಕ್ಕೆ ವಾಪಸ್ ಹೋಗ್ಬೇಕು. ಬೇರೆ ಯಾರ ಹತ್ರಾನೂ ಒಂದು ಕಾಳು ಇಸ್ಕೋಬಾರ್ದು. ಹೊಳೆಸಾಲಿನ ಸನ್ಯಾಸಿಗಳನ್ನ ಸಾಕಿದ್ದು ನಮ್ಮಪ್ಪನ ಮನೆತನ ಒಂದೇ ಅನ್ನಿಸ್ಬೇಕು. ಹಬ್ಬದೊಳಗೆ ಹೂಂ ಅನ್ನಿ, ಸಾಕು."

ಇನ್ನಾಸ ಮಠಕ್ಕೆ ನಡೆದು ಬರಲಿಲ್ಲ, ಓಡಿ ಬಂದ.

ಗುರು ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ತಲೆ ಎತ್ತಲಿಲ್ಲ.

"ಎಲ್ಲ ಬಾಗಿಲಿಗೂ ಹೋದೆಯಾ?"

"ಎಲ್ಲ ಬಾಗಿಲು ಯಾಕೆ ಸ್ವಾಮಿ? ಒಂದೇ ಬಾಗಿಲಲ್ಲಿ ಎಲ್ಲ ಸಿಕ್ಕಿತಲ್ಲ!"

ಗುರು ಬಾಯಿ ತೆರೆಯುವಷ್ಟರಲ್ಲಿ ಗೇಟು ಸದ್ದಾಯಿತು. ಜಪಮಾಲಮ್ಮ ದುಡುದುಡು ಬಂದಳು. ಒಂದು ಕಂಕುಳಲ್ಲಿ ಮೀನಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಮಣ್ಣಿನ ಕುಡಿಕೆ.

"ಸ್ವಾಮಿ, ಒಂದ್ ಮಾತ್ ಕೇಳ್ಬೇಕಿತ್ತು. ನಮ್ಮನೇಲಿ ಸೂತಕ ಇತ್ತಾ?"

"ಇಲ್ಲವಲ್ಲ ತಾಯಿ."

"ನಾವೇನ್ ಊರು ಬಿಟ್ಟೋರಾ?"

"ಅಯ್ಯೋ, ಯಾರಂದ್ರು ಹಾಗೆ?"

"ಮತ್ತೆ ಈ ಪುಣ್ಯಾತ್ಮ ನಮ್ ಬಾಗ್ಲ ಮುಂದೆ ಚಪ್ಲಿ ಕೈಲ್ ಹಿಡ್ಕಂಡು ಕಳ್ಳಬೆಕ್ಕಿನಂಗೆ ಯಾಕ್ ಹೋದ? ನಾ ಕಾಣ್ನಿಲ್ಲ ಅಂದ್ಕಂಡ್ನಾ? ಒಲೆ ಮುಂದೆ ಕುಂತಿದ್ರೂ ಕಣ್ಣು ಬಾಗ್ಲಲ್ಲೇ ಇತ್ತು!"

ಇನ್ನಾಸ ನೆಲ ನೋಡಿದ.

"ನೀವು ಪೂಜೇಲಿ ಹೇಳಿದ್ ದಿನ್ವೇ ನಮ್ಮತ್ತೆ ಕುಡಿಕೆ ಹುಡುಕಿ ತೊಳ್ದು ಇಟ್ಟೆ. ದಿನಾ ಒಂದ್ ಹಿಡಿ. ಗಂಡ ಕಾಲ್ ಮುರ್ಕಂಡ್ ಬಿದ್ದವ್ನೆ, ನಾನು ಅರೆಹೊಟ್ಟೇಲಿ ಎದ್ದಿವ್ನಿ, ಆದ್ರೂ ಹಿಡಿ ತಪ್ಪಿಸ್ನಿಲ್ಲ. ಇವತ್ತು ಬತ್ತರೆ ಅಂತ ಬಾಗ್ಲು ಬೇರೆ ತೆಗ್ದಿಟ್ಟಿದ್ದೆ."

ಬುಟ್ಟಿಯನ್ನು ಕಂಕುಳಲ್ಲಿ ಮೇಲಕ್ಕೆ ಸರಿಸಿಕೊಂಡಳು. ಬಂದದ್ದು ಸಿಟ್ಟೋ ಅಳುವೋ ಅವಳಿಗೇ ಗೊತ್ತಿರಲಿಲ್ಲ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ್ನಿಲ್ಲ ಅನ್ನಂಗಾಯ್ತು ನಮ್ ಕತೆ. ಎದುರು ಮನೆಯೋಳು ಕಿಸಕ್ಕನೆ ನಕ್ಕು, 'ತಿರ್ಕಂಡ್ ತಿನ್ನೋರೂ ನಿನ್ ಬಾಗ್ಲಿಗೆ ಬರ್ನಿಲ್ವಲ್ಲೇ' ಅಂದ್ಲು. ಆ ಕಾಳು ನಮ್ಗೂ ಬ್ಯಾಡ ಅಂತ ಕೋಳಿಗೆ ಚೆಲ್ದೆ. ನೋಡಿ!"

ಕುಡಿಕೆಯನ್ನು ಬೋರಲು ಹಿಡಿದು ಅಲ್ಲಾಡಿಸಿ ತೋರಿಸಿದಳು. ಒಂದು ಕಾಳೂ ಉದುರಲಿಲ್ಲ.

ಗುರು ಎದ್ದು ನಿಂತು ಕೈಮುಗಿದರು. "ತಪ್ಪಾಯ್ತು ತಾಯಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬಂದ ಹಾಗೇ ಹೋದಳು.

ಇನ್ನಾಸ ಮೆಲ್ಲಗೆ ಅಂದ, "ನಾನು ಸೊಕ್ಕಿನಿಂದ ದಾಟಲಿಲ್ಲ ಸ್ವಾಮಿ. ಪಾಪ ಅನ್ನಿಸಿತು. ಕರುಣೆಯಿಂದ ದಾಟಿದೆ."

"ಕರುಣೆಯಿಂದಲಾ?"

"ಹೌದು ಸ್ವಾಮಿ. ಇಲ್ಲದವರಿಂದ ಏನು ಇಸಕೊಳ್ಳೋದು?"

"ಒಳ್ಳೇದು ಕಣೋ. ಕರುಣೆ ದೊಡ್ಡ ಗುಣ. ನನಗೆ ಇಷ್ಟು ವಯಸ್ಸಾದರೂ ಬರಲಿಲ್ಲ. ನಿನ್ನಿಂದ ಕಲೀತೀನಿ," ಅಂದರು ಗುರು, ಮತ್ತೆ ನುಗ್ಗೆಸೊಪ್ಪು ಹಿಡಿದು ಕೂತರು.

ಮಾರನೆಯ ಬೆಳಿಗ್ಗೆ ಇನ್ನಾಸ ಎಂದಿನಂತೆ ಹೊಳೆಯಿಂದ ನೀರು ಹೊತ್ತು ತಂದ. ಗುರು ಎದುರಿಗೆ ಬಂದು ಕೊಡ ಇಳಿಸಿಕೊಂಡರು. ನೀರನ್ನು ನುಗ್ಗೆಯ ಬುಡಕ್ಕೆ ಸುರಿದು, ಖಾಲಿ ಕೊಡ ಹಿಡಿದು ತಾವೇ ಹೊಳೆಗೆ ಇಳಿದರು.

"ಸ್ವಾಮಿ, ನಾನು ತಂದಿದ್ದೆನಲ್ಲ!"

"ಪಾಪ, ನಿನಗ್ಯಾಕೆ ತೊಂದ್ರೆ," ಅಂದರು.

ಅಂಗಳ ಗುಡಿಸಲು ಹೋದ. ಪೊರಕೆ ಸಹಾಯಪ್ಪನ ಕೈಯಲ್ಲಿತ್ತು. "ನಿನಗೆ ಕೊಡಬಾರ್ದಂತೆ ಕಣಪ್ಪ. ಗುರುಗಳ ಅಪ್ಪಣೆ."

ಸಂಜೆಯ ಪ್ರಾರ್ಥನೆಯಲ್ಲಿ ಕೀರ್ತನೆ ಓದುವ ಸರದಿ ಅವನದು. ಗುರು ಪುಸ್ತಕವನ್ನು ಅವನ ಮುಂದಿನಿಂದ ಸಾಗಿಸಿ ಪಕ್ಕದವರಿಗೆ ಕೊಟ್ಟರು.

ಮೊದಮೊದಲು ಇನ್ನಾಸನಿಗೆ ಖುಷಿಯೇ ಆಯಿತು. ಮಿಲ್ಲಿನ ಸುದ್ದಿ ತಂದೆನಲ್ಲ, ಅದಕ್ಕೇ ಗುರುಗಳಿಗೆ ನನ್ನ ಮೇಲೆ ಪ್ರೀತಿ ಅಂದುಕೊಂಡ. ಕೂತ. ಉಂಡ. ಹೊಳೆ ನೋಡಿದ.

ಕೂತು ಉಣ್ಣುವುದು ಎಷ್ಟು ದಿನ ರುಚಿಸುತ್ತದೆ? ವಾರದೊಳಗೆ ಇನ್ನಾಸ ಅರ್ಧ ಊಟಕ್ಕೇ ಏಳತೊಡಗಿದ. ಎಲ್ಲರೂ ಎಲ್ಲರಿಗೂ ಏನಾದರೂ ಮಾಡುತ್ತಿದ್ದರು. ಇವನ ಕೈಯಿಂದ ಒಂದು ಲೋಟ ನೀರನ್ನೂ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಊಟಕ್ಕೆ ಕರೆಯುವಾಗ ಸಹಾಯಪ್ಪ ಬೇರೆ, "ಬರ್ಬೇಕು, ನೆಂಟ್ರು ಬರ್ಬೇಕು" ಅಂತ ಚುಡಾಯಿಸುತ್ತಿದ್ದ. ನೆಂಟರು ಒಂದು ದಿನ ಎದ್ದು ಹೋಗಲೇಬೇಕು ಅಂತ ಇನ್ನಾಸನಿಗೆ ನೆನಪಾಗುತ್ತಿತ್ತು.

ಕೊನೆಗೆ ಅವನು ಒಂದು ಉಪಾಯ ಮಾಡಿದ. ಗುರು ಜಪಕ್ಕೆ ಕೂತಿದ್ದಾಗ ಅವರ ಇನ್ನೊಂದು ನಿಲುವಂಗಿಯನ್ನು ಕದ್ದು ಹೊಳೆಗೆ ಒಯ್ದ. ಕಲ್ಲಿನ ಮೇಲೆ ಕುಕ್ಕಿ, ತಿಕ್ಕಿ, ಹಿಂಡಿ, ಚೆನ್ನಾಗಿ ಒಗೆದು ಹಗ್ಗದ ಮೇಲೆ ಹರವಿದ. ಮೈಯೆಲ್ಲ ಒದ್ದೆ. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು.

ಗುರು ಬಂದರು. ನಿಲುವಂಗಿಯನ್ನು ನೋಡಿದರು. ಹಗ್ಗದಿಂದ ತೆಗೆದರು. ಹೊಳೆಗೆ ಇಳಿದು ನೀರಿಗೆ ಅದ್ದಿ, ಅದನ್ನು ಮತ್ತೆ ಮೊದಲಿನಿಂದ ಒಗೆಯತೊಡಗಿದರು.

ಇನ್ನಾಸನಿಗೆ ತಡೆಯಲಾಗಲಿಲ್ಲ. ನೀರಿಗೇ ಇಳಿದು ಅವರ ಮುಂದೆ ನಿಂತ.

"ಸಾಕು ಸ್ವಾಮಿ! ಬೈಯಿರಿ. ಬೇಕಾದರೆ ಎರಡು ಬಾರಿಸಿ. ಇದೊಂದು ಬೇಡ."

"ನಾನೇನು ಮಾಡಿದೆ ಮಗ? ಊಟ ಕೊಟ್ಟೆ. ನೆರಳು ಕೊಟ್ಟೆ."

"ನನ್ನಿಂದ ಏನೂ ತಗೊಳ್ತಿಲ್ಲವಲ್ಲ! ನಾನು ಏನು ಕೊಡೋಕೆ ಬಂದರೂ ದಾಟಿಕೊಂಡು ಹೋಗ್ತೀರಲ್ಲ!"

"ಕರುಣೆಯಿಂದ ಕಣೋ."

"ಬೇಡ ನನಗೆ ನಿಮ್ಮ ಕರುಣೆ! ನಾನು ಈ ಮನೆಯವನು ಹೌದೋ ಅಲ್ಲವೋ, ಅದು ಹೇಳಿ!"

ಕೂಗಿದವನೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಗುರು ನಿಲುವಂಗಿಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡರು.

"ಜಪಮಾಲಮ್ಮ ಅವತ್ತು ಕೇಳಿದ್ದೂ ಇದನ್ನೇ," ಅಂದರು.

ಇಬ್ಬರೂ ನೀರಿನಿಂದ ಎದ್ದು ದಂಡೆಯ ಮೇಲೆ ಕೂತರು.

"ಮಿಲ್ಲಿನವರಿಗೆ ಏನು ಹೇಳಲಿ ಸ್ವಾಮಿ?"

"ಜೋಳಿಗೆ ಹಾಕಿದ್ದು ಯಾರ ಹೆಗಲಿಗೆ?"

"ನನ್ನ ಹೆಗಲಿಗೆ."

"ಮತ್ತೆ ನನ್ನ ಯಾಕೆ ಕೇಳ್ತೀಯ?"

"ಅವರಿಗೆ ಹೂಂ ಅಂದರೆ ಹೊಳೆಗೇರಿಯ ಬಾಗಿಲೆಲ್ಲ ಶಾಶ್ವತವಾಗಿ ದಾಟಿದ ಹಾಗೆ. ಊಹೂಂ ಅಂದರೆ ನಾನು ಮನೆಗೆ ಹೋಗಬೇಕಾಗಬಹುದು."

"ಹೌದು."

"ಅಷ್ಟೇನಾ? ಹೌದು ಅಂದುಬಿಟ್ಟರೆ ಮುಗೀತಾ?"

ಗುರು ಅವನ ಕಡೆ ತಿರುಗಿದರು. ಮುದುಕರ ಕಣ್ಣೂ ತೇವವಾಗಿತ್ತು.

"ನೀನು ಹೋದರೆ ನನಗೆ ಕೈ ಮುರಿದಷ್ಟು ಸಂಕಟ ಆಗ್ತದೆ ಕಣೋ. ಆದ್ರೂ ಹೌದು."

ಹಬ್ಬದ ಹಿಂದಿನ ದಿನ ಇನ್ನಾಸ ಜೋಳಿಗೆ ಹೊತ್ತ. ಬೇರೆಲ್ಲಿಗೂ ಹೋಗದೆ ನೇರ ಜಪಮಾಲಮ್ಮನ ಬಾಗಿಲಲ್ಲಿ ನಿಂತ. ಈ ಸಲ ಚಪ್ಪಲಿ ಕಾಲಲ್ಲೇ ಇತ್ತು, ಸದ್ದು ಮಾಡಿಕೊಂಡೇ ಬಂದಿದ್ದ.

"ಅಮ್ಮಾ, ಮಠದಿಂದ ಬಂದಿದ್ದೀನಿ. ಒಂದು ಹಿಡಿ."

ಅವಳು ಅಂಗಳದ ಮೂಲೆಯಲ್ಲಿ ಮೀನು ಸೀಳಿ ಒಣಗಲು ಹರವುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು.

ಇನ್ನಾಸ ನಿಂತ. ಬಿಸಿಲು ನೆತ್ತಿಗೆ ಬಂತು. ಎದುರು ಮನೆಯವಳು ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ನಾಯಿಯೊಂದು ಮೂಸಿ ನೋಡಿ ಹೋಯಿತು. ಅವನು ಕದಲಲಿಲ್ಲ.

ಒಳಗಿನ ಚಾಪೆಯಿಂದ ಗಂಡನೇ ಕೂಗಿದ, "ಏ, ಆ ಹುಡ್ಗನ್ ಹೆಣ ಬಿದ್ದೋದಾತು, ಏನಾರ ಕೊಟ್ ಕಳ್ಸು!"

ಜಪಮಾಲಮ್ಮ ಕೈ ತೊಳೆದು ಬಂದಳು.

"ಕುಡಿಕೆ ಖಾಲಿ ಕನಪ್ಪ. ಇರೋದ್ನೆಲ್ಲ ಕೋಳಿ ತಿಂದಾಯ್ತು. ಇವತ್ತಿನ ಕಾಳು ಇವತ್ತು ಬೆಂದಾಯ್ತು."

"ಏನಿದ್ದರೆ ಅದೇ ಕೊಡಿ ಅಮ್ಮ."

"ಏನೂ ಇಲ್ಲ ಅಂದ್ರೆ?"

"ನೀವು ಹಾಗಂದರೆ ನಾಳೆ ಬರ್ತೀನಿ. ನಿಮ್ಮ ಹಿಡಿ ಇಲ್ಲದೆ ನನಗಾಗಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹುಡುಕುವ ನೋಟ ಅದು. ಸಿಗಲಿಲ್ಲವೇನೋ. ಒಳಗೆ ಹೋಗಿ, ಮೀನಿಗೆ ಹಾಕುವ ಹರಳುಪ್ಪಿನ ಮಡಕೆಗೆ ಕೈಹಾಕಿ ಒಂದು ಹಿಡಿ ತುಂಬಿಕೊಂಡು ಬಂದಳು.

ಇನ್ನಾಸ ಜೋಳಿಗೆಯ ಬಾಯಿ ಹಿಗ್ಗಿಸಿದ.

"ಅದ್ರಲ್ಲಿ ಹಾಕುದ್ರೆ ಕಾಳ್ಗೆಲ್ಲ ಉಪ್ಪಾಯ್ತದೆ, ಪೆದ್ದು! ಕೈ ಒಡ್ಡು."

ಅವನು ಅಂಗೈ ಒಡ್ಡಿದ. ಆಮೇಲೆ ನೆನಪಾಗಿ ಹಿಂದೆ ಸರಿದ. "ಉಪ್ಪನ್ನ ಕೈಗೆ ಕೊಡಬಾರದು ಅಂತಾರಲ್ಲಮ್ಮ. ಜಗಳ ಆಗುತ್ತಂತೆ."

"ಆಗೋ ಜಗ್ಳ ಆಗ್ಲೇ ಆಗೋಯ್ತಲ್ಲ, ಇನ್ನೇನ್ ಆಯ್ತದೆ? ಹಿಡ್ಕೊ!"

ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಇನ್ನಾಸನಿಗೂ ಬಂತು. ಒಳಗೆ ಚಾಪೆಯ ಮೇಲಿದ್ದವನೂ ನಕ್ಕ.

ಇನ್ನಾಸ ಆ ಉಪ್ಪನ್ನು ಟವಲಿನ ಚುಂಗಿಗೆ ಕಟ್ಟಿಕೊಂಡ. ಅಲ್ಲಿಂದ ಪಕ್ಕದ ಬಾಗಿಲಿಗೆ ಹೋದ. ಅದರ ಪಕ್ಕದ್ದಕ್ಕೆ ಹೋದ. ಹಿಂದಿನ ಸಲ ದಾಟಿದ್ದ ಸಾಲಿನಲ್ಲಿ ಒಂದನ್ನೂ ಬಿಡಲಿಲ್ಲ. ಕೆಲವರು ಕೊಟ್ಟರು, ಕೆಲವರು ಬೈದು ಕೊಟ್ಟರು. ಒಬ್ಬಾಕೆ ಮಾತ್ರ "ಈಗ ನೆನಪಾಯ್ತಾ?" ಅಂದು ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೂ ಕೈಮುಗಿದು ಮುಂದೆ ಹೋದ.

ಕೊನೆಗೆ ಮಿಲ್ಲಿನ ಬಾಗಿಲಿಗೆ ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

"ಒಂದು ಹಿಡಿ ಸರ್."

ಜ್ಞಾನಪ್ರಕಾಶಪ್ಪ ಹುಬ್ಬೇರಿಸಿದ. "ಇದೇನು ಬ್ರದರ್? ಹೊಳೆನೇ ಕೊಡ್ತೀನಿ ಅಂದೋನ ಹತ್ರ ಬೊಗಸೆ ನೀರು ಕೇಳ್ತಿದ್ದೀರಲ್ಲ!"

"ಎಲ್ಲರ ಹತ್ತಿರ ಕೇಳಿದ್ದೇ ನಿಮ್ಮ ಹತ್ತಿರವೂ ಕೇಳ್ತಿದ್ದೀನಿ ಸರ್."

"ಅಂದ್ರೆ ನನ್ನ ಮಾತು ಬೇಡ?"

"ನಿಮ್ಮ ಅಕ್ಕಿ ಬೇಕು. ಬೇರೆಯವರದ್ದು ಬೇಡ ಅನ್ನೋಕೆ ಆಗಲ್ಲ ಅಷ್ಟೇ. ನಿಮ್ಮ ತಂದೆಯವರು ಕುಡಿದ ಗಂಜಿ ಇದೇ ಜೋಳಿಗೆಯದ್ದು. ಯಾರ ಯಾರ ಮನೆ ಕಾಳು ಅಂತ ಅವರಿಗೂ ಗೊತ್ತಿರಲಿಲ್ಲ."

ಜ್ಞಾನಪ್ರಕಾಶಪ್ಪನ ಮುಖ ಕೆಂಪಾಯಿತು. ಮೂಟೆಗೆ ಕೈಹಾಕಿ ಒಂದು ಹಿಡಿ ಅಕ್ಕಿ ತೆಗೆದು ಜೋಳಿಗೆಗೆ ಹಾಕಿದ. ಸಿಟ್ಟಿನಲ್ಲಿ ಹಾಕಿದರೂ ಹಿಡಿ ದೊಡ್ಡದಿತ್ತು.

"ಹೋಗಿ ಬನ್ನಿ. ಮುಂದಿನ ವಾರ ಬಂದ್ರೆ ಇನ್ನೊಂದು ಹಿಡಿ ಹಾಕ್ತೀನಿ. ಪೂರ್ತಿ ಖರ್ಚಿನ ಮಾತು ಮಾತ್ರ ಮರೆತುಬಿಡಿ."

ಇನ್ನಾಸ ಮಠಕ್ಕೆ ವಾಪಸು ಬರುವಾಗ ಹೆಗಲು ಭಾರವಾಗಿತ್ತು, ಎದೆಯೂ ಭಾರವಾಗಿತ್ತು. ಮಾಡಿದ್ದು ಸರಿ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಸರಿ ಮಾಡಿದವನ ಹಗ್ಗ ಉಳಿಯುತ್ತದೆ ಅಂತ ಎಲ್ಲಿಯೂ ಬರೆದಿಲ್ಲವಲ್ಲ.

ಸಹಾಯಪ್ಪ ಜೋಳಿಗೆ ಬಗ್ಗಿಸಿ ನೋಡಿ ತಲೆ ಚಚ್ಚಿಕೊಂಡ.

"ರಾಗಿ, ಅಕ್ಕಿ, ಹುರುಳಿ, ಅವರೆ, ನುಚ್ಚು. ಎಲ್ಲ ಕಲಸುಮೇಲೋಗರ! ಇದನ್ನ ಬೇರೆ ಮಾಡೋಕೆ ನನ್ನ ಆಯಸ್ಸು ಸಾಲದು. ನಾಳೆ ಹಿರಿಯರು ಬರ್ತಾರೆ, ಏನಂತ ಬೇಯಿಸ್ಲಿ ಸ್ವಾಮಿ?"

"ಬೇರೆ ಮಾಡಬೇಡ. ಹಾಗೇ ಬೀಸಿ ಗಂಜಿ ಮಾಡು," ಅಂದರು ಗುರು. ಆಮೇಲೆ ಇನ್ನಾಸನ ಟವಲಿನ ಚುಂಗಿನ ಗಂಟು ನೋಡಿ, "ಅದೇನು?" ಅಂದರು.

"ಉಪ್ಪು ಸ್ವಾಮಿ. ಜಪಮಾಲಮ್ಮ ಕೊಟ್ಟಿದ್ದು."

ಗುರು ಗಂಟು ಬಿಚ್ಚಿ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿಕೊಂಡರು. ಉಳಿದಿದ್ದನ್ನು ಸಹಾಯಪ್ಪನಿಗೆ ಕೊಟ್ಟರು.

"ನಾಳೆ ಗಂಜಿಗೆ ಇದನ್ನೇ ಹಾಕು."

ಮರುದಿನ ಹಬ್ಬ. ಬೆಂಗಳೂರಿನ ಹಿರಿಯರು ಬಂದರು. ಕೆಟ್ಟವರಲ್ಲ, ದಣಿದವರು. ಇಂಥ ಎಷ್ಟೋ ಮಠಗಳಿಗೆ ಹೋಗಿ ಎಷ್ಟೋ ಹುಡುಗರನ್ನು ಮನೆಗೆ ಕಳಿಸಿ ಬಂದಿದ್ದರು.

ಪೂಜೆ ಮುಗಿಯಿತು. ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಇನ್ನಾಸ ಬಡಿಸಿದ. ಅವತ್ತು ಅವನ ಕೈಯಿಂದ ಸೌಟು ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ.

ಹಿರಿಯರು ಒಂದು ಗುಟುಕು ಕುಡಿದು ತಡೆದರು. "ಇದು ಯಾವ ಗಂಜಿ?"

"ಇದಕ್ಕೆ ಹೆಸರಿಲ್ಲ ಸ್ವಾಮಿ," ಅಂದ ಸಹಾಯಪ್ಪ.

"ಉಪ್ಪು ಹದವಾಗಿದೆ," ಅಂದು ಹಿರಿಯರು ಬಟ್ಟಲು ಮುಂದೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಅದನ್ನೂ ಮುಗಿಸಿ ಬಾಯಿ ಒರೆಸಿಕೊಂಡರು.

"ಚೌರಪ್ಪನವರೇ, ಅಕ್ಕಿ ಮಿಲ್ಲಿನ ಧಣಿಗಳು ಹಿಂದೆ ಸರಿದರಂತೆ, ಚರ್ಚಿನ ಹತ್ತಿರ ಯಾರೋ ಹೇಳಿದ್ರು. ನನಗೂ ಈ ಹುಡುಗನನ್ನ ಕಳಿಸೋಕೆ ಇಷ್ಟವಿಲ್ಲ. ಆದರೆ ಮೇಲೆ ಉತ್ತರ ಕೊಡಬೇಕಲ್ಲ. ಇವನ ತರಬೇತಿಯ ಖರ್ಚು ಹೊರುವವರ ಹೆಸರು ಒಂದು ಹೇಳಿ. ಒಂದೇ ಒಂದು ಹೆಸರು. ಇವನು ಇಲ್ಲೇ ಇರಲಿ."

ಇನ್ನಾಸ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಗುರುಗಳ ಕಡೆ ನೋಡಿದ.

ಗುರು ಬಟ್ಟಲಿನ ತಳದ ಗಂಜಿಯನ್ನು ಬೆರಳಿನಿಂದ ಬಳಿದು ತಿಂದರು. ಆಮೇಲೆ ತಲೆ ಎತ್ತಿದರು.

"ಬರ್ಕೊಳ್ಳಿ ಸ್ವಾಮಿ: ಹೊಳೆಗೇರಿಯ ಜಪಮಾಲಮ್ಮ. ತರಬೇತಿಯ ಖರ್ಚನ್ನ ಆಕೆ ನಿನ್ನೆಯೇ ಪೂರ್ತಿ ಕೊಟ್ಟಾಯ್ತು. ಇನ್ನು ಉಳಿದಿರೋದು ಬರೀ ಊಟದ್ದು, ಅದಕ್ಕೆ ಊರಿದೆ."